ಬಿಸಿಲು ಬಂದರೆ ಏರುವ ಹಳ್ಳ: ಲೌಟರ್‌ಬ್ರುನ್ನನ್ ಕಣಿವೆಯಲ್ಲಿ ಮೂರು ರಾತ್ರಿ

ಸ್ಟುಟ್‌ಗಾರ್ಟ್‌ನಲ್ಲಿರುವ ತಂಗಿಯ ಮನೆಗೆ ಅಪ್ಪನನ್ನು ಕರೆದುಕೊಂಡು ಹೋದದ್ದು ಜೂನ್ ತಿಂಗಳ ನಡುವೆ. ಸಾಗರದ ಕಡೆಯ ನಮ್ಮ ಅಡಿಕೆ ತೋಟವನ್ನು ಮಳೆಗಾಲದಲ್ಲಿ ಬಿಟ್ಟು ಹೊರಟದ್ದು ಅಪ್ಪನ ಎಪ್ಪತ್ತು ವರ್ಷಗಳಲ್ಲಿ ಅದೇ ಮೊದಲು. ಕೊಳೆರೋಗಕ್ಕೆ ಮೊದಲ ಸಲದ ಔಷಧ ಹೊಡೆಸಿ, ಎರಡನೆಯದನ್ನು ತಮ್ಮನಿಗೆ ಒಪ್ಪಿಸಿ, ಅರ್ಧ ಮನಸ್ಸಿನಿಂದಲೇ ವಿಮಾನ ಹತ್ತಿದ್ದರು. ಸ್ವಿಟ್ಜರ್ಲೆಂಡಿಗೆ ಹೋಗುವುದು ಎಂದಾದಾಗ ತಂಗಿ ಮೂರು ದಿನಗಳಲ್ಲಿ ಐದು ಊರುಗಳನ್ನು ನೋಡುವ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದಳು. ಅಪ್ಪ ಅದನ್ನು ಓದಿ, "ಐದು ಕಡೆ ಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲೇ ದಿನ ಹೋಗುತ್ತದೆ, ಎಲ್ಲಾದರೂ ಒಂದು ಕಡೆ ಕೂರೋಣ" ಎಂದರು. ಆ ಒಂದು ಮಾತಿನಿಂದ ಪಟ್ಟಿಯ ನಾಲ್ಕು ಊರುಗಳು ಅಳಿಸಿಹೋಗಿ ಲೌಟರ್‌ಬ್ರುನ್ನನ್ ಮಾತ್ರ ಉಳಿಯಿತು. ಒಲೆ, ಪಾತ್ರೆಗಳಿರುವ ಸಣ್ಣ ಮನೆಯೊಂದನ್ನು ಮೂರು ರಾತ್ರಿಗೆ ಹಿಡಿದೆವು. ರೈಲು, ತೂಗುಬಂಡಿಗಳ ದರವನ್ನು ಅರ್ಧಕ್ಕಿಳಿಸುವ ಕಾರ್ಡನ್ನು ಮುಂಚೆಯೇ ಕೊಂಡುಕೊಂಡೆವು. ಒಂದೇ ಕಣಿವೆಯಲ್ಲಿ ಮೇಲೆ ಕೆಳಗೆ ಓಡಾಡುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಯಾವ ದಿನ ಎಲ್ಲಿಗೆ ಎಂಬುದನ್ನು ಮಾತ್ರ ಬೇಕೆಂದೇ ಬರೆದಿಡಲಿಲ್ಲ.

ಮೊದಲ ದಿನ

ಇಂಟರ್‌ಲಾಕನ್ ಓಸ್ಟ್ ನಿಲ್ದಾಣದಿಂದ ಲೌಟರ್‌ಬ್ರುನ್ನನ್‌ಗೆ ಇಪ್ಪತ್ತು ನಿಮಿಷಗಳ ದಾರಿ. ಆದರೆ ಆ ರೈಲು ನಡುವೆ ತ್ಸ್ವೈಲ್ಯೂಚಿನೆನ್ ಎಂಬಲ್ಲಿ ಎರಡು ತುಂಡಾಗಿ, ಒಂದು ತುಂಡು ಲೌಟರ್‌ಬ್ರುನ್ನನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ ಎಂಬುದನ್ನು ನಾವು ಗಮನಿಸಿರಲಿಲ್ಲ. ಖಾಲಿ ಕಂಡ ಡಬ್ಬಿಗೆ ಹತ್ತಿ, ಪೆಟ್ಟಿಗೆಗಳನ್ನು ಜೋಡಿಸಿ, ಚಕ್ಕುಲಿಯ ಡಬ್ಬ ತೆರೆದು ಕುಳಿತಿದ್ದಾಗ ಎದುರಿನ ಸೀಟಿನ ಅಜ್ಜಿಯೊಬ್ಬರು ನಮ್ಮ ಕೈಯಲ್ಲಿದ್ದ ನಕ್ಷೆಯನ್ನು ಕಂಡು ತಲೆಯಲ್ಲಾಡಿಸಿದರು. ಅಷ್ಟರಲ್ಲಿ ರೈಲು ಎಡಕ್ಕೆ ಹೊರಳಿಯಾಗಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು, ಹಿಂದಿರುಗುವ ರೈಲಿಗೆ ಕಾದು, ಕವಲಿಗೆ ಬಂದು ಮತ್ತೊಮ್ಮೆ ಕಾಯುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಪ್ಲಾಟ್‌ಫಾರಂನ ಫಲಕದಲ್ಲಿ ಯಾವ ಡಬ್ಬಿ ಯಾವ ಊರಿಗೆ ಎಂದು ಅಕ್ಷರಗಳ ಸಮೇತ ಬರೆದಿರುತ್ತದೆ. ಹತ್ತುವ ಮೊದಲು ಅದನ್ನೊಮ್ಮೆ ನೋಡಿಕೊಂಡರೆ ಸಾಕು.

ಆ ಒಂದು ಗಂಟೆಯನ್ನು ಅಪ್ಪ ಹಾಳಾಗಲು ಬಿಡಲಿಲ್ಲ. ತ್ಸ್ವೈಲ್ಯೂಚಿನೆನ್ ಎಂದರೆ ಎರಡು ಲ್ಯೂಚಿನೆ ಎಂದು ತಂಗಿ ಅರ್ಥ ಹೇಳಿದಳು. ಗ್ರಿಂಡೆಲ್‌ವಾಲ್ಡ್ ಕಡೆಯಿಂದ ಬರುವುದು ಕಪ್ಪು ಲ್ಯೂಚಿನೆ, ಲೌಟರ್‌ಬ್ರುನ್ನನ್ ಕಡೆಯಿಂದ ಬರುವುದು ಬಿಳಿ ಲ್ಯೂಚಿನೆ. ಎರಡೂ ಅಲ್ಲಿ ಕೂಡಿ ಬ್ರಿಯೆಂಜ್ ಸರೋವರದ ಕಡೆಗೆ ಹರಿಯುತ್ತವೆ. ಹೊಳೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕಿತ್ತು. ಹಿಮನದಿಗಳು ಬಂಡೆಯ ಮೇಲೆ ಜಾರುವಾಗ ಕಲ್ಲನ್ನು ಹಿಟ್ಟಿನಂತೆ ಅರೆಯುತ್ತವೆ, ಆ ಹಿಟ್ಟು ನೀರಿನಲ್ಲಿ ತೇಲುವುದರಿಂದ ಈ ಬಣ್ಣ. ಆಕಾಶದಲ್ಲಿ ಮೋಡವೇ ಇರಲಿಲ್ಲ, ಆದರೂ ಹೊಳೆ ತುಂಬಿ ಓಡುತ್ತಿತ್ತು. "ಮಳೆಯಿಲ್ಲದೆ ಹೊಳೆ ಬಂದಿದೆಯಲ್ಲ ಕೂಸೇ" ಎಂದು ಅಪ್ಪ ಅಚ್ಚರಿಪಟ್ಟರು. ಮುಂದಿನ ಮೂರು ದಿನವೂ ಅವರ ಮನಸ್ಸಿನಲ್ಲಿ ಅದೇ ಪ್ರಶ್ನೆ ಇತ್ತು, ನಮ್ಮ ತಿರುಗಾಟವೂ ಹೆಚ್ಚುಕಡಿಮೆ ಅದರ ಹಿಂದೆಯೇ ಹೋಯಿತು.

ಲೌಟರ್‌ಬ್ರುನ್ನನ್ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಕಣಿವೆ ಎಂದಾಗ ನಮ್ಮ ಕಣ್ಣಿಗೆ ಬರುವುದು ಎರಡು ಗುಡ್ಡಗಳು ಇಳಿಜಾರಾಗಿ ಬಂದು ಸೇರುವ ಕೊರಕಲು. ಇಲ್ಲಿ ಹಾಗಲ್ಲ. ಬಹಳ ಹಿಂದೆ ಹಿಮನದಿ ಕೊರೆದ ಈ ಕಣಿವೆಯ ತಳ ಗದ್ದೆ ಬಯಲಿನಂತೆ ಸಪಾಟು. ಎರಡೂ ಬದಿಗೆ ಮನೆಯ ಗೋಡೆ ಎಬ್ಬಿಸಿದಂತೆ ನೇರವಾಗಿ ನಿಂತ ಬಂಡೆ. ಆ ಬಂಡೆಯ ನೆತ್ತಿಯಲ್ಲಿ ಮತ್ತೆ ಹುಲ್ಲುಗಾವಲು, ಅದರಾಚೆ ಹಿಮದ ಶಿಖರಗಳು. ಮೇಲಿನ ಮಜಲಿನ ತೊರೆಗಳಿಗೆ ಇಳಿಯಲು ಇಳಿಜಾರೇ ಇಲ್ಲದ ಕಾರಣ ಎಲ್ಲವೂ ಅಂಚಿನಿಂದ ಕೆಳಗೆ ಬೀಳುತ್ತವೆ. ಕಣಿವೆಯಲ್ಲಿ ಒಟ್ಟು 72 ಜಲಪಾತಗಳೆಂದು ಅಲ್ಲಿನವರು ಲೆಕ್ಕ ಹೇಳುತ್ತಾರೆ.

ಊರಿನ ಬೀದಿಗೇ ಬಿದ್ದಂತೆ ಕಾಣುವ ಷ್ಟೌಬ್‌ಬಾಖ್ ಅವುಗಳಲ್ಲಿ ಹೆಸರಾದದ್ದು. ಎತ್ತರ 297 ಮೀಟರ್. ನಮ್ಮ ಜೋಗದ 253 ಮೀಟರಿಗಿಂತ ಹೆಚ್ಚು. ಆದರೆ ಎರಡರ ಸ್ವಭಾವ ಬೇರೆ. ಷ್ಟೌಬ್ ಎಂದರೆ ದೂಳು, ಬಾಖ್ ಎಂದರೆ ತೊರೆ. ಅಂಚಿನಿಂದ ಹೊರಟ ನೀರು ಅರ್ಧ ದಾರಿಯಲ್ಲೇ ಗಾಳಿಗೆ ಸಿಕ್ಕಿ ದೂಳಾಗುತ್ತದೆ. ಗಾಳಿ ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ ಒಲೆದು, ಒಮ್ಮೊಮ್ಮೆ ನೆಲಕ್ಕೆ ಬರುವುದನ್ನೇ ಮರೆತಂತೆ ನಡುವೆ ನಿಂತುಬಿಡುತ್ತದೆ. ಜರ್ಮನ್ ಕವಿ ಗಯಟೆ 1779ರಲ್ಲಿ ಇಲ್ಲಿಗೆ ಬಂದು, ಈ ನೀರನ್ನು ಕಂಡು, ಮನುಷ್ಯನ ಆತ್ಮವನ್ನು ನೀರಿಗೆ ಹೋಲಿಸಿ ಕವಿತೆ ಬರೆದ. ಬೇಸಿಗೆಯಲ್ಲಿ ಜಲಪಾತದ ಹಿಂಬದಿಯ ಬಂಡೆಯವರೆಗೂ ಹತ್ತಿಹೋಗಲು ದಾರಿ ತೆರೆದಿರುತ್ತದೆ. ಏರು ಸ್ವಲ್ಪ ಕಡಿದು, ಹೆಜ್ಜೆ ಇಡುವ ಕಲ್ಲು ಒದ್ದೆ; ಹಿಡಿತವಿರುವ ಬೂಟು ಬೇಕೇ ಬೇಕು. ಬಂಡೆಯೊಳಗಿಂದ ನಿಂತು ನೋಡಿದರೆ ನೀರಿನ ತೆರೆಯ ಆಚೆ ಚರ್ಚಿನ ಗೋಪುರವೂ ಹಸಿರು ಬಯಲೂ ಅಲುಗಾಡುತ್ತಿದ್ದವು. ಅಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಇಳಿಯುವಾಗ, ಲಿಂಗನಮಕ್ಕಿ ಕಟ್ಟುವ ಮುಂಚೆ ಚಿಕ್ಕ ಹುಡುಗನಾಗಿ ತಮ್ಮ ಅಜ್ಜನ ಜೊತೆ ಗಾಡಿಯಲ್ಲಿ ಹೋಗಿ ಕಂಡ ಜೋಗದ ನೆನಪನ್ನು ಹೇಳಿದರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಮೇಲೆ ಜೋಗದ ನೀರು ಮಳೆಯ ಜೊತೆಗೆ ಅಣೆಕಟ್ಟಿನ ಬಾಗಿಲಿಗೂ ಕಾಯಬೇಕಾಯಿತು.

ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ, ಆದರೆ ಅಂಗಡಿಗಳು ಕತ್ತಲಿಗಾಗಿ ಕಾಯುವುದಿಲ್ಲ. ಆಕಾಶ ನೋಡಿಕೊಂಡು ಸಾವಕಾಶ ಮಾಡಿದ ನಮಗೆ ಹಾಲು, ಮೊಸರು ಸಿಕ್ಕಲಿಲ್ಲ. ತಂದಿದ್ದ ಅಕ್ಕಿಗೆ ಸಾರಿನ ಪುಡಿ ಹಾಕಿ ಊಟ ಮುಗಿಸಿ, ಹೊಳೆಯ ಕಡೆಗೆ ನಡೆದೆವು. ಕಾಲುಸಂಕದ ಪಕ್ಕದಲ್ಲಿ ಎಮ್ಮೆಯ ಬೆನ್ನಿನಂಥ ಕಲ್ಲೊಂದಿತ್ತು; ನೀರು ಅದರ ಬೆನ್ನಿನವರೆಗೆ ಮುಟ್ಟಿತ್ತು. ತೋಟದ ಕಾಲುವೆಯ ನೀರನ್ನು ಕಲ್ಲಿನ ಗುರುತಿನಿಂದ ಅಳೆಯುವ ಅಭ್ಯಾಸವಿರುವ ಅಪ್ಪ, "ಬೆಳಿಗ್ಗೆ ಬಂದು ನೋಡೋಣ" ಎಂದರು.

ಎರಡನೆಯ ದಿನ

ಬೆಳಿಗ್ಗೆ ಆರಕ್ಕೆ ಅಪ್ಪ ಒಬ್ಬರೇ ಹೋಗಿ ನೋಡಿ ಬಂದಿದ್ದರು. ಕಲ್ಲು ಒಂದು ಗೇಣಿನಷ್ಟು ಹೊರಗೆ ಬಂದಿತ್ತಂತೆ. ರಾತ್ರಿಯ ಚಳಿಗೆ ಮೇಲಿನ ಹಿಮ ಕರಗುವುದು ನಿಧಾನವಾಗುತ್ತದೆ, ಹಗಲಿನ ಬಿಸಿಲಿಗೆ ಕರಗಿದ ನೀರು ಕೆಳಗೆ ಬಂದು ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತದೆ ಎಂದು ತಂಗಿ ವಿವರಿಸಿದಳು. ಮಲೆನಾಡಿನಲ್ಲಿ ಹುಟ್ಟಿದ ನಮಗೆ ಜಲಪಾತವೆಂದರೆ ಮಳೆ, ಕೆಸರು, ಇಂಬಳ. ಬಿಸಿಲು ಏರಿದಷ್ಟೂ ಹೊಳೆ ಏರುವ ಊರನ್ನು ನಾವು ಕಂಡದ್ದು ಇದೇ ಮೊದಲು. ಹಾಗಾದರೆ ಟ್ರ್ಯೂಮೆಲ್‌ಬಾಖ್ ಜಲಪಾತಕ್ಕೆ ಬೆಳಿಗ್ಗೆ ಹೋಗಬಾರದು, ಮಧ್ಯಾಹ್ನದ ಬಿಸಿಲು ಕಾದ ಮೇಲೆ ಹೋಗಬೇಕು ಎಂದು ಅಪ್ಪನೇ ತೀರ್ಮಾನಿಸಿದರು. ಮೋಡಗಳು ಕಟ್ಟುವುದೂ ಮಧ್ಯಾಹ್ನದ ಮೇಲೆಯೇ ಆದ್ದರಿಂದ ಎತ್ತರದ ಜಾಗಗಳಿಗೆ ಬೆಳಿಗ್ಗೆ, ಕಣಿವೆಯ ತಳಕ್ಕೆ ಮಧ್ಯಾಹ್ನ ಎಂಬ ಕ್ರಮ ತಾನಾಗಿ ಸಿದ್ಧವಾಯಿತು.

ನಿಲ್ದಾಣದ ಎದುರಿನಿಂದ ತೂಗುಬಂಡಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಬಂಡೆಯ ನೆತ್ತಿಯ ಗ್ರ್ಯುಚಾಲ್ಪ್. ಅಲ್ಲಿಂದ ಮ್ಯೂರನ್‌ಗೆ 1891ರಿಂದಲೂ ಪುಟ್ಟ ರೈಲು ಓಡುತ್ತಿದೆ. ಹೋಗುವಾಗ ಅದನ್ನು ಬಿಟ್ಟು ನಡೆದೆವು, ಹಾಗೆ ಮಾಡಿದ್ದಕ್ಕೆ ಇಂದಿಗೂ ಸಂತೋಷವಿದೆ. ಹಳಿಯ ಪಕ್ಕದಲ್ಲಿ ಸಾಗುವ ದಾರಿ ಹೆಚ್ಚು ಏರಿಳಿತವಿಲ್ಲದೆ ಸ್ಪ್ರೂಸ್ ಮರಗಳ ನೆರಳಿನಲ್ಲಿ ಹೋಗುತ್ತದೆ. ಎಡಗಡೆ ಕಣಿವೆಯ ಆಚೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಸಾಲಾಗಿ ನಿಂತಿರುತ್ತವೆ. 4,158 ಮೀಟರಿನ ಯುಂಗ್‌ಫ್ರೌ ಇವುಗಳಲ್ಲಿ ದೊಡ್ಡದು. ಒಂದು ತಿರುವಿನಲ್ಲಿ ಗುಡುಗಿನಂಥ ಸದ್ದು ಕೇಳಿ ಮೋಡ ಹುಡುಕಿದೆವು. ಎದುರು ಬಂದ ವೃದ್ಧ ದಂಪತಿಗಳು ಬೆರಳು ತೋರಿಸಿದ ಕಡೆ ನೋಡಿದರೆ, ಎದುರಿನ ಬೆಟ್ಟದ ಎದೆಯಿಂದ ಹಿಮದ ಚೂರುಗಳು ಬಿಳಿ ಹಿಟ್ಟಿನಂತೆ ಸುರಿಯುತ್ತಿದ್ದವು. ಅಷ್ಟು ದೂರದ ಸದ್ದು ನಮ್ಮನ್ನು ಮುಟ್ಟುವಾಗ ಅರ್ಧ ಸುರಿದು ಮುಗಿದಿತ್ತು. ದಾರಿಯಲ್ಲಿ ಎದುರಾದವರೆಲ್ಲ "ಗ್ರ್ಯೂಸಖ್" ಎನ್ನುತ್ತಾರೆ, ಬರ್ನ್ ಪ್ರಾಂತ್ಯದ ನಮಸ್ಕಾರ ಅದು. ಮ್ಯೂರನ್ ಮುಟ್ಟುವ ಹೊತ್ತಿಗೆ ಅಪ್ಪನೂ ಹಾಗೆನ್ನಲು ಕಲಿತಿದ್ದರು.

ಸುಮಾರು 1,640 ಮೀಟರ್ ಎತ್ತರದ ಮ್ಯೂರನ್‌ನಲ್ಲಿ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ. ಮರದ ಮನೆಗಳ ಮುಂದೆ ಅಂಚು ಹಿಡಿದು ಜೋಡಿಸಿದ ಸೌದೆ, ಕಿಟಕಿಗಳಲ್ಲಿ ಜೆರೇನಿಯಂ, ಬೀದಿಬದಿಯಲ್ಲಿ ಮರದ ಬಾನಿಗೆ ಸದಾ ಸುರಿಯುವ ನೀರು. ಕುಡಿಯಬಾರದು ಎಂಬ ಫಲಕವಿಲ್ಲದ ಕಡೆ ಈ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. ನಾವು ಮೂರು ದಿನವೂ ನೀರಿಗೆ ದುಡ್ಡು ಕೊಡಲಿಲ್ಲ. ಮನೆಯ ಹಿತ್ತಿಲಿನ ಅಬ್ಬಿ ನೀರು ಕುಡಿದು ಬೆಳೆದ ಅಪ್ಪ ಬೊಗಸೆಯೊಡ್ಡಿ ಕುಡಿದು, "ನಮ್ಮನೆ ಅಬ್ಬಿಯಷ್ಟೇ ರುಚಿ, ಹಲ್ಲು ಜುಮ್ಮೆನ್ನುವುದೊಂದು ಹೆಚ್ಚು" ಎಂದರು.

ಅಲ್ಲಿಂದ ಇಳಿಜಾರಿನ ಡಾಂಬರು ದಾರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಇಳಿದರೆ ಗಿಮ್ಮೆಲ್‌ವಾಲ್ಡ್. ಮ್ಯೂರನ್ ಪ್ರವಾಸಿಗರ ಊರಾದರೆ ಇದು ಇನ್ನೂ ರೈತರ ಊರು. ಊರ ಹೊರಗಿನ ಕಡಿದಾದ ಇಳಿಜಾರಿನಲ್ಲಿ ಒಬ್ಬರು ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದರು. ಅಪ್ಪ ಬೇಲಿಯ ಪಕ್ಕ ನಿಂತೇಬಿಟ್ಟರು. ಆ ರೈತರು ಕುಡುಗೋಲು ಮಸೆಯಲು ನಿಂತಾಗ ತಂಗಿಯ ಜರ್ಮನ್ ಮೂಲಕ ಮಾತು ಆರಂಭವಾಯಿತು. ಅವರ ಆಡುನುಡಿ ಅವಳಿಗೂ ಪೂರ್ತಿ ತಿಳಿಯದ ಕಾರಣ ಅರ್ಧ ಮಾತು ಕೈಸನ್ನೆಯಲ್ಲೇ ನಡೆಯಿತು. ದನಗಳೆಲ್ಲ ಈಗ ಮೇಲಿನ ಬೇಸಿಗೆ ಗೋಮಾಳಕ್ಕೆ ಹೋಗಿವೆ, ಅವು ಇಳಿದು ಬರುವುದರೊಳಗೆ ಊರಿನ ಸುತ್ತಲ ಹುಲ್ಲನ್ನೆಲ್ಲ ಕೊಯ್ದು ಒಣಗಿಸಿ ಚಳಿಗಾಲಕ್ಕೆ ಅಟ್ಟಕ್ಕೆ ಸೇರಿಸಬೇಕು, ಯಂತ್ರ ಈ ಕಡಿದಿನಲ್ಲಿ ನಿಲ್ಲುವುದಿಲ್ಲ ಎಂದರು. ಮೇಲಿನ ಗೋಮಾಳ ಯಾರದ್ದು ಎಂದು ಅಪ್ಪ ಕೇಳಿದರು. ಒಬ್ಬರದ್ದಲ್ಲ, ಹಲವು ಮನೆಗಳಿಗೆ ಕೂಡಿದ್ದು, ಒಬ್ಬೊಬ್ಬರು ಎಷ್ಟು ದನ ಹೊಡೆಯಬಹುದು ಎಂಬುದಕ್ಕೆ ಹಕ್ಕಿನ ಲೆಕ್ಕವಿದೆ ಎಂಬ ಉತ್ತರ ಬಂತು. ಅಡಿಕೆ ತೋಟಕ್ಕೆ ಇಷ್ಟು ಎಂದು ಸೊಪ್ಪಿನ ಬೆಟ್ಟದ ಹಕ್ಕು ಪಡೆದು ಬಾಳಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ ಸೊಪ್ಪು ಕಡಿದು ಹೊರೆ ಕಟ್ಟುವ ಬಗೆಯನ್ನು ಅಭಿನಯಿಸಿ ತೋರಿಸಿದರು. ಆ ರೈತರು ಮಸೆಗಲ್ಲನ್ನು ಸೊಂಟಕ್ಕೆ ಕಟ್ಟಿದ್ದ ಕೊಂಬಿನ ಒರೆಗೆ ಸಿಕ್ಕಿಸಿಕೊಂಡು, ಕುಡುಗೋಲನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ನಾಲ್ಕು ಬೀಸು ಬೀಸಿದರು. ಮೂರು ಗಾಳಿಗೆ ಹೋದರೂ ನಾಲ್ಕನೆಯದಕ್ಕೆ ಹುಲ್ಲು ಅರ್ಧಚಂದ್ರಾಕಾರವಾಗಿ ಮಲಗಿತು. ಇಡೀ ಪ್ರವಾಸದಲ್ಲಿ ನಾನು ತೆಗೆದ ಚಿತ್ರಗಳಲ್ಲಿ ನನಗೆ ಬೇಕಾದದ್ದು ಅದೊಂದೇ.

ಹೊರಡುವಾಗ ಅವರು ಒಂದು ಮಾತು ಹೇಳಿದರು. ಕೆಳಗಿನ ಲೌಟರ್‌ಬ್ರುನ್ನನ್‌ಗೆ ಈಗ ಬೇಸಿಗೆಯಲ್ಲಿ ಎಷ್ಟು ಕಾರುಗಳು ಬರುತ್ತವೆಂದರೆ ಊರಿನವರಿಗೆ ತಮ್ಮ ರಸ್ತೆಯಲ್ಲೇ ಓಡಾಡಲು ಕಷ್ಟವಾಗಿದೆ. ಹಗಲು ಕಾರಿನಲ್ಲಿ ಬಂದು ಚಿತ್ರ ತೆಗೆದು ಹೋಗುವವರಿಂದ ಶುಲ್ಕ ಪಡೆಯುವ ಚರ್ಚೆಯೂ ನಡೆದಿದೆ. ರಾತ್ರಿ ಉಳಿಯುವವರನ್ನು ಯಾರೂ ಬೇಡವೆನ್ನುವುದಿಲ್ಲ. ನಾವೂ ಆ ಜನಜಂಗುಳಿಯ ಭಾಗವೇ ಆಗಿದ್ದರಿಂದ ಆ ಮಾತು ಮನಸ್ಸಿಗೆ ನಾಟಿತು. ಅವಸರದಲ್ಲಿ ಬಂದು ಹೋಗುವವರು ಈ ಬೇಲಿಯ ಪಕ್ಕ ನಿಲ್ಲುವ ಸಾಧ್ಯತೆಯೂ ಕಡಿಮೆ.

ಮಧ್ಯಾಹ್ನಕ್ಕೆ ಆಲ್ಪ್ಲರ್‌ಮಾಗ್ರೋನನ್ ತಿಂದೆವು. ಆಲೂಗಡ್ಡೆ, ಮ್ಯಾಕರೋನಿ, ಚೀಸ್, ಕೆನೆಗಳನ್ನು ಕೂಡಿಸಿ, ಹುರಿದ ಈರುಳ್ಳಿ ಉದುರಿಸಿ, ಪಕ್ಕದಲ್ಲಿ ಬೇಯಿಸಿ ಅರೆದ ಸೇಬನ್ನು ಇಡುತ್ತಾರೆ. ಇದಕ್ಕೆ ಹಂದಿಮಾಂಸದ ಚೂರು ಹಾಕುವುದೂ ಉಂಟು. "ಓನೆ ಷ್ಪೆಕ್", ಅಂದರೆ ಹಂದಿಮಾಂಸವಿಲ್ಲದೆ, ಎಂದು ಮೊದಲೇ ಹೇಳಬೇಕು. ಖಾರಕ್ಕೆ ಗೊಜ್ಜು ನಂಚಿಕೊಂಡಂತೆ ಉಪ್ಪಿಗೆ ಸೇಬು ನಂಚಿಕೊಂಡು ತಿನ್ನುವುದು ಅಪ್ಪನಿಗೆ ಹಿಡಿಸಿತು.

ಅಲ್ಲಿಂದ ಷ್ಟೆಖೆಲ್‌ಬರ್ಗ್‌ಗೆ ತೂಗುಬಂಡಿಯಲ್ಲಿ ಇಳಿಯಬಹುದಿತ್ತು. ಊಟದ ಹುಮ್ಮಸ್ಸಿನಲ್ಲಿ ನಾವು ನಡೆದೇ ಇಳಿಯಹೊರಟದ್ದು ತಪ್ಪಾಯಿತು. ಕಾಡಿನ ದಾರಿ ಚೆಂದವೇ. ಆದರೆ 400 ಮೀಟರಿಗೂ ಹೆಚ್ಚು ಇಳಿತ, ಎಪ್ಪತ್ತರ ಮಂಡಿಗೆ ಅದು ಹೆಚ್ಚಾಯಿತು. ಅರ್ಧದಲ್ಲಿ ಅಪ್ಪ ಒಂದು ಕೊಂಬೆ ಹುಡುಕಿ ಊರುಗೋಲು ಮಾಡಿಕೊಂಡರು. ಒಂದೂವರೆ ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ಹಿರಿಯರ ಜೊತೆ ಹೋಗುವವರು ಏರುವುದನ್ನು ನಡೆದು, ಇಳಿಯುವುದನ್ನು ತೂಗುಬಂಡಿಗೆ ಬಿಡುವುದು ಕ್ಷೇಮ.

ಹಳದಿ ಬಣ್ಣದ ಅಂಚೆ ಬಸ್ಸು ಹಿಡಿದು ಟ್ರ್ಯೂಮೆಲ್‌ಬಾಖ್ ಮುಟ್ಟಿದಾಗ ಮುಚ್ಚಲು ಒಂದು ಗಂಟೆಯಷ್ಟೇ ಉಳಿದಿತ್ತು. ಹೊರಗಿನಿಂದ ನೋಡಿದರೆ ಅಲ್ಲಿ ಜಲಪಾತವೇ ಕಾಣುವುದಿಲ್ಲ. ಐಗರ್, ಮ್ಯೋಂಖ್, ಯುಂಗ್‌ಫ್ರೌಗಳ ಹಿಮನದಿಗಳಿಂದ ಕರಗಿದ ನೀರು ಬಂಡೆಯ ಒಳಗೇ ಕೊರೆದುಕೊಂಡು ಹತ್ತು ಮೆಟ್ಟಿಲುಗಳಲ್ಲಿ ಬೀಳುತ್ತದೆ. ಬಿರುಸಿನ ದಿನಗಳಲ್ಲಿ ಸೆಕೆಂಡಿಗೆ 20,000 ಲೀಟರ್‌ವರೆಗೆ ಹರಿಯುತ್ತದೆ. ಬೆಟ್ಟದೊಳಗಿನ ಲಿಫ್ಟಿನಲ್ಲಿ ಮೇಲೇರಿ, ಮಂಡಿನೋವಿದ್ದರೂ ಅಪ್ಪ ಒಂದೊಂದೇ ಮೆಟ್ಟಿಲು ಹತ್ತಿದರು. ನೀರು ಬೀಳುತ್ತಿರಲಿಲ್ಲ, ಬಂಡೆಯ ಹೊಟ್ಟೆಯಲ್ಲಿ ಸುರುಳಿ ತಿರುಗುತ್ತಿತ್ತು. ಕಬ್ಬಿಣದ ಕಟಾಂಜನಕ್ಕೆ ಅಂಗೈ ಇಟ್ಟರೆ ನಡುಕ ತೋಳಿನವರೆಗೆ ಬರುತ್ತಿತ್ತು. ಮಾತು ಕೇಳುವುದಿಲ್ಲ, ಒಳಗೆ ಚಳಿ, ಮೈಮೇಲೆ ಹನಿ. ಹೊರಗೆ ಎಷ್ಟೇ ಬಿಸಿಲಿರಲಿ ಒಂದು ರೈನ್‌ಕೋಟು ಕೈಯಲ್ಲಿರಬೇಕು. ನೀರಿನ ಜೊತೆ ಪ್ರತಿ ವರ್ಷ 20,000 ಟನ್ನಿನಷ್ಟು ಕಲ್ಲು ಮಣ್ಣು ಇಳಿದು ಬರುತ್ತದೆಯಂತೆ. ಕಿವಿಗೊಟ್ಟು ಕೇಳಿದರೆ ನೀರಿನ ಸದ್ದಿನ ಅಡಿಯಲ್ಲಿ ಕಲ್ಲು ಕಲ್ಲಿಗೆ ಬಡಿಯುವ ಟಕ್ ಟಕ್ ಇತ್ತು. ಕಾವಲಿಗಿದ್ದ ಹುಡುಗ, ಬೆಳಿಗ್ಗೆಗಿಂತ ಈಗ ನೀರು ಹೆಚ್ಚು ಎಂದಾಗ ಅಪ್ಪ ನಮ್ಮಿಬ್ಬರ ಕಡೆ ತಿರುಗಿ ಹುಬ್ಬೇರಿಸಿದರು.

ಅಂದು ರಾತ್ರಿ ಗುಡುಗು ನಿಜವಾದ ಗುಡುಗೇ ಆಗಿತ್ತು. ಎರಡು ಬಂಡೆಗೋಡೆಗಳ ನಡುವೆ ಒಂದು ಸಿಡಿಲಿನ ಸದ್ದು ಐದಾರು ಸಲ ಹೋಗಿ ಬರುತ್ತಿತ್ತು.

ಮೂರನೆಯ ದಿನ

ಮ್ಯೋಂಖ್, ಯುಂಗ್‌ಫ್ರೌ ಶಿಖರಗಳ ನಡುವಿನ ತಗ್ಗಾದ ಯುಂಗ್‌ಫ್ರೌಯೋಖ್‌ಗೆ ಹೋಗುವುದಾದರೆ ಇದೇ ದಿನ ಎಂದುಕೊಂಡಿದ್ದೆವು. 1896ರಲ್ಲಿ ಆರಂಭಿಸಿ, ಐಗರ್ ಮತ್ತು ಮ್ಯೋಂಖ್‌ಗಳ ಒಡಲನ್ನೇ ಕೊರೆದು, 1912ರಲ್ಲಿ 3,454 ಮೀಟರ್ ಎತ್ತರಕ್ಕೆ ರೈಲು ಮುಟ್ಟಿಸಿದ ಸಾಹಸ ಅದು. ನೋಡಬೇಕೆಂಬ ಆಸೆ ಇತ್ತು. ಆದರೆ ಟಿಕೆಟ್ಟಿನ ಬೆಲೆ ಅರ್ಧ ದರದಲ್ಲೂ ಭಾರ, ಮೇಲೆ ಮೋಡವಿದ್ದರೆ ಕಾಣುವುದು ಬಿಳಿ ಗೋಡೆ ಮಾತ್ರ. ಶಿಖರಗಳ ಮೇಲಿನ ಕ್ಯಾಮೆರಾಗಳ ನೇರ ಚಿತ್ರ ಫೋನಿನಲ್ಲೇ ಸಿಗುತ್ತದೆ. ಏಳು ಗಂಟೆಗೆ ನೋಡಿದೆವು, ಬಿಳುಪು. ಎಂಟಕ್ಕೆ ನೋಡಿದೆವು, ಬಿಳುಪು. ಮುಂಗಡ ಟಿಕೆಟ್ ತೆಗೆಯದೆ ಇದ್ದದ್ದರಿಂದ ಮನಸ್ಸು ಬದಲಿಸುವುದು ಸುಲಭವಾಯಿತು. ಉಪ್ಪಿಟ್ಟು ಮಾಡಿ ತಿಂದು, ಕಿಟಕಿಯ ಬಳಿ ಕುಳಿತು ಮಳೆ ನೋಡಿದೆವು. ಬಂಡೆಯ ಮೇಲೆ ನಿನ್ನೆ ಇಲ್ಲದ ಕಡೆಗಳಲ್ಲೆಲ್ಲ ದಾರದಂಥ ಝರಿಗಳು ಹುಟ್ಟಿದ್ದವು. ಹೊಳೆ ಕೆಂಪಾಗಿ, ಎಮ್ಮೆಕಲ್ಲು ಪೂರ್ತಿ ಮುಳುಗಿತ್ತು. ಇದು ನಮಗೆ ಗೊತ್ತಿದ್ದ ಹೊಳೆ.

ಹನ್ನೊಂದರ ಸುಮಾರಿಗೆ ಮಳೆ ನಿಂತಿತು. 1893ರಿಂದ ಓಡುತ್ತಿರುವ ಹಲ್ಲುಹಳಿಯ ರೈಲು ಹತ್ತಿ ವೆಂಗನ್‌ಗೆ, ಅಲ್ಲಿಂದ ತೂಗುಬಂಡಿಯಲ್ಲಿ 2,200 ಮೀಟರಿಗೂ ಎತ್ತರದ ಮೆನ್ಲಿಖನ್‌ಗೆ ಹೋದೆವು. ಅಲ್ಲಿಂದ ಕ್ಲೈನ ಶೈಡೆಗ್‌ವರೆಗೆ ಒಂದೂವರೆ ಗಂಟೆಯ ದಾರಿ, ಪೂರ್ತಿ ಹಗುರವಾದ ಇಳಿಜಾರು, ಅಪ್ಪನ ಮಂಡಿಗೆ ತೊಂದರೆಯಾಗಲಿಲ್ಲ. ಐಗರ್‌ನ ಉತ್ತರ ಗೋಡೆ ಎದುರಿಗೇ ಇರಬೇಕಿತ್ತು, ಇದ್ದದ್ದು ಮಂಜು. ಹತ್ತು ಹೆಜ್ಜೆಯಾಚೆಗೆ ತಂಗಿಯ ಕೆಂಪು ಕೋಟು ಮಾಸುತ್ತಿತ್ತು. ಆದ್ದರಿಂದ ನಾವು ಕಾಲಬುಡವನ್ನು ನೋಡಿದೆವು. ಹಿಮ ಕರಗಿದ ಜಾಗದಲ್ಲೇ ಕಡುನೀಲಿಯ ಜೆನ್ಷಿಯನ್ ಹೂಗಳು ನೆಲಕ್ಕೆ ಅಂಟಿಕೊಂಡು ಅರಳಿದ್ದವು. ಬಿಸಿಲು ಇಲ್ಲದ್ದರಿಂದ ಕೆಲವು ಕೊಡೆ ಮಡಚಿದಂತೆ ಮುಚ್ಚಿಕೊಂಡಿದ್ದವು. ಮಂಜಿನೊಳಗೆ ಎಲ್ಲೋ ದನದ ಗಂಟೆಗಳು. ಅಪ್ಪ ಸದ್ದಿನಿಂದಲೇ ಎಣಿಸಲು ನೋಡಿ, ಹದಿನಾಲ್ಕಕ್ಕೆ ಲೆಕ್ಕ ತಪ್ಪಿತೆಂದರು.

ಕ್ಲೈನ ಶೈಡೆಗ್ ಇನ್ನು ಹತ್ತು ನಿಮಿಷವಿರುವಾಗ ಗಾಳಿ ತಿರುಗಿತು. ಮಂಜು ಮೊದಲು ಕೆಳಗಿನಿಂದ ಹರಿದು, ಕಪ್ಪು ಬಂಡೆಯ ಪಾದ ಕಾಣಿಸಿತು; ಆಮೇಲೆ ಮೇಲಿನಿಂದ ಹರಿದು, ನಾವು ಶಿಖರ ಇರಬಹುದೆಂದು ನೋಡುತ್ತಿದ್ದ ಜಾಗಕ್ಕಿಂತ ಬಹಳ ಮೇಲೆ, ಆಕಾಶವೆಂದುಕೊಂಡಿದ್ದ ಕಡೆ, ಹೊಸ ಹಿಮದ ಅಂಚು ಬೆಳಗಿತು. 1938ರವರೆಗೆ ಯಾರಿಗೂ ದಕ್ಕದಿದ್ದ ಗೋಡೆ ಅದು. ಐದು ನಿಮಿಷವೂ ಇರಲಿಲ್ಲ, ಮತ್ತೆ ಮುಚ್ಚಿತು. ದಾರಿಯಲ್ಲಿದ್ದ ಅಪರಿಚಿತರೆಲ್ಲ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾಲ್ಕನೆಯ ದಿನ

ರಾತ್ರಿ ಆಕಾಶ ತೆರೆದು ಚಳಿ ಬಿದ್ದಿತ್ತು. ಹೊರಡುವ ರೈಲಿಗೆ ಇನ್ನೂ ಸಮಯವಿದ್ದುದರಿಂದ ಮೂವರೂ ಕಾಲುಸಂಕಕ್ಕೆ ಹೋದೆವು. ಹೊಳೆ ಮತ್ತೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿ ತಗ್ಗಿತ್ತು. ಎಮ್ಮೆಕಲ್ಲಿನ ಬೆನ್ನು ಮಾತ್ರವಲ್ಲ, ಹೊಟ್ಟೆಯ ಕೆಳಗಿನ ಪಾಚಿಯೂ ಕಾಣುತ್ತಿತ್ತು. ಅಪ್ಪ ಅದನ್ನು ಫೋನಿನಲ್ಲಿ ಮನೆಗೆ ತೋರಿಸಲು ಅಮ್ಮನನ್ನು ಕರೆದರು. ಅಲ್ಲಿ ಮಧ್ಯಾಹ್ನ, ಅಮ್ಮನ ಹಿಂದೆ ಹಂಚಿನಿಂದ ನೀರು ಧಾರೆಯಾಗಿ ಇಳಿಯುತ್ತಿದ್ದುದರಿಂದ ಮಾತು ಸರಿಯಾಗಿ ಕೇಳಿಸಲಿಲ್ಲ.

"ಇಲ್ಲಿ ಹೊಳೆ ಇಳಿದಿದೆ, ಬಿಸಿಲು ಏರಿದರೆ ಸಂಜೆಗೆ ಬರುತ್ತದೆ" ಎಂದು ಅಪ್ಪ ಕೂಗಿ ಹೇಳಿದರು.

"ಬಿಸಿಲಿಗೆ ಎಲ್ಲಾದರೂ ಹೊಳೆ ಬರುವುದುಂಟಾ?" ಎಂದರು ಅಮ್ಮ. "ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟು ಹೊಳವೇ ಆಗಿಲ್ಲ. ಎರಡನೇ ಔಷಧ ಹೊಡೆಯಲು ಆಗಲೇ ಇಲ್ಲ."

ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು, ತೋಟದ ಕೆಳಗಿನ ಕಾಲುವೆಯ ಕಲ್ಲು ಕಾಣುತ್ತಿದೆಯೇ ಮುಳುಗಿದೆಯೇ ಎಂದು ಕೇಳುತ್ತಾ ನಿಲ್ದಾಣದ ಕಡೆಗೆ ನಡೆದರು. ಈ ಸಲ ಫಲಕ ನೋಡಿಯೇ ರೈಲು ಹತ್ತಿದೆವು.